ಗಾಜಿನ ಮುಖದ ಕ್ಯಾಬಿನೆಟ್, ತೊಗರಿ ಹೊಟ್ಟಿನ ಧೂಳು: ಒಂದೇ ಪಿಸಿಯನ್ನು ಎರಡು ಸಲ ಕಟ್ಟಿದ ಲೆಕ್ಕ

ಕಲಬುರಗಿಯಲ್ಲಿ ಮದುವೆಯ ಸುಗ್ಗಿಯೂ ಬಿಸಿಲಿನ ಸುಗ್ಗಿಯೂ ಒಟ್ಟಿಗೇ ಬರುತ್ತವೆ. ನಾನು ಮೂರು ಸ್ಟುಡಿಯೊಗಳಿಗೆ ಮದುವೆಯ ವಿಡಿಯೊಗಳನ್ನು ಮನೆಯಿಂದಲೇ ಎಡಿಟ್ ಮಾಡಿಕೊಡುತ್ತೇನೆ. ಹೊರಗೆ 42 ಡಿಗ್ರಿ ಇರುವ ದಿನಗಳಲ್ಲೇ ನನ್ನ ಕಂಪ್ಯೂಟರ್ ರಾತ್ರಿ ಹಗಲು ರೆಂಡರ್ ಮಾಡುತ್ತಿರಬೇಕು, ಅಂದರೆ ಎಡಿಟ್ ಮಾಡಿದ್ದನ್ನು ಪೂರ್ಣ ವಿಡಿಯೊ ಆಗಿ ಕಟ್ಟುತ್ತಿರಬೇಕು. ಕೋಣೆ ಮಹಡಿಯ ಮೇಲಿದೆ, ಆರ್‌ಸಿಸಿ ಛಾವಣಿ, ಎ.ಸಿ. ಇಲ್ಲ. ಓಣಿಯ ಆಚೆ ಬದಿಗೆ ಒಂದು ದಾಲ್ ಮಿಲ್ ಇದೆ. ತೊಗರಿ ಹೊಟ್ಟಿನ ನಯವಾದ ಹಳದಿ ಪುಡಿ ಕಿಟಕಿಯ ಸಂದಿಯಿಂದ ಬಂದು ಸಂಜೆಯೊಳಗೆ ಮೇಜಿನ ಮೇಲೆ ಬೆರಳಿನ ಗುರುತು ಮೂಡುವಷ್ಟು ಕೂರುತ್ತದೆ. 2025ರ ಫೆಬ್ರವರಿಯಲ್ಲಿ ಹೊಸ ಪಿಸಿ ಕಟ್ಟಲು ಹೊರಟಾಗ ಈ ಎರಡನ್ನೂ, ಅಂದರೆ ಶಾಖವನ್ನೂ ಧೂಳನ್ನೂ, ಲೆಕ್ಕಕ್ಕೆ ಹಿಡಿಯದೆ ಕ್ಯಾಬಿನೆಟ್ಟನ್ನು, ಅಂದರೆ ಭಾಗಗಳೆಲ್ಲ ಕೂರುವ ಡಬ್ಬಿಯನ್ನು, ಕಣ್ಣಿಗೆ ಚೆಂದ ಕಂಡದ್ದಕ್ಕೆ ಕೊಂಡೆ. ಮುಂದೆ ಬರೆದಿರುವುದೆಲ್ಲ ಆ ಒಂದು ತಪ್ಪನ್ನು ತಿದ್ದಿಕೊಂಡ ವಿವರ.

ಪ್ರೊಸೆಸರ್ ರೈಜೆನ್ 5 5600, ಮೈಕ್ರೊ ಎಟಿಎಕ್ಸ್ ಅಳತೆಯ ಬಿ550 ಮದರ್‌ಬೋರ್ಡ್, 32 ಜಿಬಿ ರ‍್ಯಾಮ್, ಎರಡು ಫ್ಯಾನಿನ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ಎಲ್ಲ ಭಾಗಗಳಿಗೂ ವಿದ್ಯುತ್ ಕೊಡುವ 650 ವಾಟ್ ಎಸ್‌ಎಂಪಿಎಸ್ ಮತ್ತು ಪ್ರೊಸೆಸರಿನ ಮೇಲೆ ಅದರ ಶಾಖ ತೆಗೆಯುವ 155 ಮಿ.ಮೀ. ಎತ್ತರದ ಟವರ್ ಕೂಲರ್. ಇವುಗಳಲ್ಲಿ ಯಾವುದನ್ನೂ ನಾನು ಬದಲಿಸಲಿಲ್ಲ. ಬದಲಾದದ್ದು ಡಬ್ಬಿ ಮತ್ತು ಅದರ ಫ್ಯಾನುಗಳು ಮಾತ್ರ.

ಹಂತ 1: ಫೆಬ್ರವರಿ 12, ಮೊದಲ ಕ್ಯಾಬಿನೆಟ್

ಬೆಲೆ 3,600 ರೂಪಾಯಿ. ಮುಂಭಾಗ ಪೂರ್ತಿ ಗಾಜು, ಎಡಬದಿಯೂ ಗಾಜು. ಮುಂದೆ ಮೂರು, ಹಿಂದೆ ಒಂದು, ಒಟ್ಟು ನಾಲ್ಕು ಬಣ್ಣದ ದೀಪದ 120 ಮಿ.ಮೀ. ಫ್ಯಾನುಗಳು ಡಬ್ಬಿಯ ಜೊತೆಗೇ ಬಂದಿದ್ದವು. ಈ ಬೆಲೆಗೆ ನಾಲ್ಕು ಫ್ಯಾನ್ ಸಿಕ್ಕಿತೆಂದು ಹಿಗ್ಗಿದೆ. ಜೋಡಣೆಯಲ್ಲಿ ಹೇಳುವಂಥ ತೊಂದರೆ ಏನೂ ಆಗಲಿಲ್ಲ, ಮೂರೂವರೆ ಗಂಟೆಯಲ್ಲಿ ಮುಗಿಯಿತು. ಫ್ಯಾನುಗಳ ತಂತಿಯ ತುದಿಯಲ್ಲಿ ಹಳೆಯ ನಾಲ್ಕು ಪಿನ್ನಿನ ಮೊಲೆಕ್ಸ್ ಪ್ಲಗ್ ಇದ್ದುದನ್ನು ನೋಡಿದೆನಾದರೂ ಅದರ ಅರ್ಥವನ್ನು ಯೋಚಿಸಲಿಲ್ಲ. ಅವು ಬೋರ್ಡಿಗೆ ಸೇರುವುದಿಲ್ಲ, ನೇರವಾಗಿ ಎಸ್‌ಎಂಪಿಎಸ್‌ನಿಂದ 12 ವೋಲ್ಟ್ ಎಳೆದುಕೊಂಡು ಸದಾ ಪೂರ್ತಿ ವೇಗದಲ್ಲೇ ತಿರುಗುತ್ತವೆ. ಖಾಲಿ ಕುಳಿತಾಗಲೂ ಅದೇ ಸದ್ದು, ರೆಂಡರ್ ನಡೆಯುವಾಗಲೂ ಅದೇ ಸದ್ದು.

ಅಳತೆಗೆಂದು ಒಂದು ನಿಯಮ ಇಟ್ಟುಕೊಂಡೆ. ಒಂದೇ ಮದುವೆಯ ಒಂದೇ ಪ್ರಾಜೆಕ್ಟನ್ನು ಪ್ರತಿ ಸಲವೂ ಎಕ್ಸ್‌ಪೋರ್ಟ್ ಮಾಡುವುದು, ಹೆಚ್‌ಡಬ್ಲ್ಯುಇನ್‌ಫೊ ಎಂಬ, ಒಳಗಿನ ಭಾಗಗಳ ತಾಪಮಾನ ತೋರಿಸುವ ತಂತ್ರಾಂಶದಲ್ಲಿ ಗರಿಷ್ಠ ತಾಪಮಾನವನ್ನು ಬರೆದುಕೊಳ್ಳುವುದು, ಪಕ್ಕದಲ್ಲಿ ಕೋಣೆಯ ತಾಪಮಾನವನ್ನೂ ಬರೆಯುವುದು. ಕೋಣೆಯ ಅಂಕಿ ಇಲ್ಲದೆ ಫೆಬ್ರವರಿಯ ಫಲಿತಾಂಶವನ್ನು ಏಪ್ರಿಲಿನದಕ್ಕೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಫೆಬ್ರವರಿ 26ರಂದು ಕೋಣೆ 31 ಡಿಗ್ರಿ ಇತ್ತು. ಪ್ರೊಸೆಸರ್ 84, ಗ್ರಾಫಿಕ್ಸ್ ಕಾರ್ಡ್ 80, ಎಕ್ಸ್‌ಪೋರ್ಟಿಗೆ ಹಿಡಿದದ್ದು 42 ನಿಮಿಷ. ಸ್ವಲ್ಪ ಹೆಚ್ಚಾಯಿತೆನಿಸಿದರೂ ಕೆಲಸ ಸಾಗುತ್ತಿದೆಯಲ್ಲ ಎಂದು ಸುಮ್ಮನಾದೆ.

ಹಂತ 2: ಮಾರ್ಚ್ 18, ಬಿಸಿಲು ಬಂತು

ಕೋಣೆ 36 ಡಿಗ್ರಿ. ಅದೇ ಎಕ್ಸ್‌ಪೋರ್ಟ್ ಈ ಸಲ 51 ನಿಮಿಷ ತೆಗೆದುಕೊಂಡಿತು. ಪ್ರೊಸೆಸರ್ 90ಕ್ಕೆ ಹೋಗಿ ಅಲ್ಲೇ ನಿಂತಿತ್ತು. ಈ ಪ್ರೊಸೆಸರಿಗೆ ಅದರ ತಯಾರಕ ಕಂಪನಿ ಎಎಂಡಿ ಹೇಳಿರುವ ಗರಿಷ್ಠ ಮಿತಿಯೇ 90 ಡಿಗ್ರಿ. ಅದನ್ನು ಮುಟ್ಟಿದೊಡನೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಗ್ರಾಫಿಕ್ಸ್ ಕಾರ್ಡ್ 84ರಲ್ಲಿತ್ತು. ಒಂದು ಸ್ಟುಡಿಯೊದವರು ಆ ದಿನ ಎರಡು ಸಲ ಫೋನ್ ಮಾಡಿ, "ಎಲ್ಲೀತನ ಬಂತ್ರಿ ಕೆಲಸ?" ಎಂದು ಕೇಳಿದರು. ಕಂಪ್ಯೂಟರ್ ಬೆವರುತ್ತಿದೆ ಎಂದು ಅವರಿಗೆ ಹೇಳುವುದು ಹೇಗೆ?

ಇಲ್ಲಿ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಬಿಸಿಯಾಗುತ್ತಿದೆ ಎಂದರೆ ಫ್ಯಾನ್ ಸಾಲದು ಎಂದು ತಿಳಿದು, ಕಾರಣ ಹುಡುಕುವ ಮೊದಲೇ 1,100 ರೂಪಾಯಿಗೆ ಇನ್ನೆರಡು ಫ್ಯಾನ್ ತಂದು ಡಬ್ಬಿಯ ನೆತ್ತಿಯ ಮೇಲೆ, ಗಾಳಿ ಹೊರಹಾಕುವಂತೆ ಕೂರಿಸಿದೆ. ಈಗ ಆರು ಫ್ಯಾನ್. ಪ್ರೊಸೆಸರ್ ಮತ್ತೆ 90, ಕಾರ್ಡ್ 85. ಕಾರ್ಡಿಗೆ ಒಂದು ಡಿಗ್ರಿ ಹೆಚ್ಚೇ ಆಯಿತು, ಸದ್ದಂತೂ ಹಿಟ್ಟಿನ ಗಿರಣಿಯ ಹತ್ತಿರ ಹೋಯಿತು.

ಹಂತ 3: ಮಾರ್ಚ್ 20, ಊದಿನಕಡ್ಡಿ

ಹಣ ಹೋದ ಮೇಲೆ ಪರೀಕ್ಷೆ ಮಾಡುವ ಬುದ್ಧಿ ಬಂತು. ಮುಂದಿನ ಗಾಜನ್ನು ಅದರ ನಾಲ್ಕು ಸ್ಕ್ರೂ ಬಿಚ್ಚಿ ಪಕ್ಕಕ್ಕಿಟ್ಟು ಅದೇ ಎಕ್ಸ್‌ಪೋರ್ಟ್ ಓಡಿಸಿದೆ. ಕೋಣೆ 36 ಡಿಗ್ರಿಯೇ ಇತ್ತು, ನೆತ್ತಿಯ ಎರಡು ಫ್ಯಾನುಗಳ ಪ್ಲಗ್ ಕಿತ್ತಿದ್ದೆ. ಪ್ರೊಸೆಸರ್ 78, ಕಾರ್ಡ್ 73. ಹನ್ನೆರಡು ಡಿಗ್ರಿ ಇಳಿದಿತ್ತು, ಅದೂ ಒಂದು ಪೈಸೆ ಖರ್ಚಿಲ್ಲದೆ. ಆಮೇಲೆ ಎಡಬದಿಯ ಗಾಜನ್ನೂ ತೆಗೆದು ನೋಡಿದೆ. ಪ್ರೊಸೆಸರ್ 77 ಆಯಿತು. ಅಂದರೆ ರೋಗ ಇದ್ದದ್ದು ಮುಂಭಾಗದ ಗಾಜಿನಲ್ಲಿ ಮಾತ್ರ.

ಗಾಜನ್ನು ಮತ್ತೆ ಕೂರಿಸಿ ಸ್ಟೀಲ್ ಪಟ್ಟಿ ಹಿಡಿದು ಅಳೆದೆ. ಗಾಜಿಗೂ ಚೌಕಟ್ಟಿಗೂ ನಡುವೆ ಎಡಬಲಗಳಲ್ಲಿ ಒಂದೊಂದು ಸೀಳು. ಅಗಲ 9 ಮಿ.ಮೀ., ಎತ್ತರ 400 ಮಿ.ಮೀ. ಎರಡೂ ಸೇರಿ 72 ಚದರ ಸೆಂಟಿಮೀಟರ್. ಆ ಸೀಳಿನೊಳಗೂ ಅಡ್ಡಡ್ಡ ಪ್ಲಾಸ್ಟಿಕ್ ಪಟ್ಟಿಗಳಿದ್ದು, ಅರ್ಧದಷ್ಟು ಜಾಗವನ್ನು ಅವೇ ತಿಂದಿದ್ದವು. 120 ಮಿ.ಮೀ. ಫ್ಯಾನ್ ಒಂದರ ವೃತ್ತವೇ 113 ಚದರ ಸೆಂಟಿಮೀಟರ್. ಅಂಥ ಮೂರು ಫ್ಯಾನುಗಳನ್ನು ಸಾಲಾಗಿ ನಿಲ್ಲಿಸಿ, ಮೂರಕ್ಕೂ ಸೇರಿ ಒಂದು ಫ್ಯಾನಿನ ಮೂರನೆಯ ಒಂದು ಪಾಲಿನಷ್ಟು ಬಾಗಿಲು ಬಿಟ್ಟಿದ್ದರು. ಮೂಗು ಹಿಡಿದುಕೊಂಡು ಓಡು ಎಂದಂತೆ.

ದೇವರಮನೆಯಿಂದ ಒಂದು ಊದಿನಕಡ್ಡಿ ತಂದು ಹಚ್ಚಿ, ಕಿಟಕಿ ಮುಚ್ಚಿ, ಸೀಲಿಂಗ್ ಫ್ಯಾನ್ ನಿಲ್ಲಿಸಿ ಡಬ್ಬಿಯ ಸುತ್ತ ಹಿಡಿದೆ. ಮುಂದಿನ ಸೀಳಿನ ಬಳಿ ಹೊಗೆ ಒಳಗೆ ಹೋದರೂ ಆಲಸ್ಯದಿಂದ ಹೋಯಿತು. ಆಶ್ಚರ್ಯವಾದದ್ದು ನೆತ್ತಿಯಲ್ಲಿ. ನಾನು ಹೊಸದಾಗಿ ತಂದ ಎರಡು ಫ್ಯಾನುಗಳು ತಿರುಗದೆ ನಿಂತಿದ್ದಾಗ ಅಲ್ಲಿಯ ಜಾಲರಿಯ ಮೇಲೆ ಹಿಡಿದ ಹೊಗೆ ಮೇಲೇರುವ ಬದಲು ಬಾಗಿ ಒಳಗೆ ಇಳಿಯಿತು. ಮುಂದಿನಿಂದ ಗಾಳಿ ಸಿಗದೆ ಹಿಂದಿನ ಎಕ್ಸಾಸ್ಟ್ ಫ್ಯಾನ್ ಸಿಕ್ಕ ಸಿಕ್ಕ ಸಂದಿಯಿಂದ ಎಳೆದುಕೊಳ್ಳುತ್ತಿತ್ತು. ಹಿಂಬದಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಕೆಳಗಿನ ಖಾಲಿ ಸ್ಲಾಟುಗಳ ಅಂಚಿನಲ್ಲಿ ತೊಗರಿ ಧೂಳು ಹಳದಿ ಗೆರೆ ಎಳೆದಂತೆ ಕುಳಿತದ್ದು ಏಕೆಂದು ಆಗ ತಿಳಿಯಿತು. ಅಲ್ಲೆಲ್ಲೂ ಫಿಲ್ಟರ್ ಇಲ್ಲ. ನಾನು ಹೊರಹಾಕುವ ಫ್ಯಾನುಗಳನ್ನು ಹೆಚ್ಚಿಸಿ ಆ ಎಳೆತವನ್ನು ಇನ್ನಷ್ಟು ಬಲಪಡಿಸಿದ್ದೆ.

ಹಂತ 4: ಮಾರ್ಚ್ 21ರಿಂದ 30, ಹಳೆಯ ಡಬ್ಬಿಯನ್ನೇ ಸುಧಾರಿಸುವ ಯತ್ನಗಳು

ಹಾರ್ಡ್‌ವೇರ್ ಅಂಗಡಿಯಿಂದ 60 ರೂಪಾಯಿಗೆ 20 ಮಿ.ಮೀ.ನ ನೈಲಾನ್ ಬುಷ್‌ಗಳನ್ನೂ ಉದ್ದನೆಯ ಸ್ಕ್ರೂಗಳನ್ನೂ ತಂದು ಗಾಜನ್ನು ಚೌಕಟ್ಟಿನಿಂದ ಮುಂದಕ್ಕೆ ಸರಿಸಿದೆ. ಪ್ರೊಸೆಸರ್ 82ಕ್ಕೆ ಇಳಿಯಿತು. ಆದರೆ ಒಳಗಿದ್ದ ಸಣ್ಣ ಫಿಲ್ಟರ್ ಸೀಳಿಗೆ ಅಂಟಿಕೊಂಡಿದ್ದುದರಿಂದ ಈಗ ಸುತ್ತಲಿಂದ ಬರುವ ಗಾಳಿಗೆ ಯಾವ ತಡೆಯೂ ಉಳಿಯಲಿಲ್ಲ. ಒಂಬತ್ತನೆಯ ದಿನ ಟಾರ್ಚ್ ಹಿಡಿದು ನೋಡಿದರೆ ಕೂಲರಿನ ರೆಕ್ಕೆಗಳ ಮುಂದಿನ ಅಂಚು ಹಳದಿ ತುಪ್ಪಳ ಬೆಳೆದಂತಿತ್ತು.

ಧೂಳಿಗೆ ಮದ್ದೆಂದು, ಅಮ್ಮ ಮೊಸರು ಸೋಸಲು ಇಟ್ಟಿದ್ದ ತೆಳು ಮಲ್‌ಮಲ್ ಬಟ್ಟೆಯ ಒಂದು ತುಂಡನ್ನು ಫ್ಯಾನುಗಳ ಮುಂದೆ ಬಿಗಿದೆ. ಧೂಳು ಪೂರ್ತಿ ನಿಂತಿತು, ಗಾಳಿಯೂ ನಿಂತಿತು. ಪ್ರೊಸೆಸರ್ ಮತ್ತೆ 90.

ಮೂರನೆಯ ಯತ್ನ ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು. ಮನೆಯ ನೀರಿನ ಕೂಲರನ್ನು ಎಳೆದು ತಂದು ಡಬ್ಬಿಯ ಮುಂದೆ ನಿಲ್ಲಿಸಿದೆ. ಅಮ್ಮ ಬಾಗಿಲಲ್ಲಿ ನಿಂತು, "ನಮಗ ಬಿಟ್ಟು ಆ ಡಬ್ಬಿಗಿ ಕೂಲರ್ ಹಚ್ಚಿದೇನೋ?" ಎಂದಳು. ತಾಪಮಾನವೇನೋ ಎಂಟು ಡಿಗ್ರಿ ಇಳಿಯಿತು. ಆದರೆ ಒದ್ದೆ ಗಾಳಿಗೆ ತೊಗರಿ ಧೂಳು ಸೇರಿ ಎರಡೇ ದಿನದಲ್ಲಿ ಫ್ಯಾನಿನ ಅಲಗುಗಳ ಮೇಲೆ ಕಡಲೆಹಿಟ್ಟು ಕಲಸಿ ಹಚ್ಚಿದಂತೆ ಗಟ್ಟಿ ಲೇಪವಾಯಿತು. ಒಣ ಧೂಳು ಬ್ಲೋವರಿಗೆ ಹಾರುತ್ತದೆ, ಇದು ಹಾರಲಿಲ್ಲ. ಅಲಗು ಅಲಗನ್ನೂ ಒದ್ದೆ ಬಟ್ಟೆಯಿಂದ ಒರೆಸಬೇಕಾಯಿತು. ಕೂಲರ್ ಮರಳಿ ಕೆಳಗಿನ ಪಡಸಾಲೆಗೆ ಹೋಯಿತು.

ಇಷ್ಟಾದ ಮೇಲೆ ಈ ಡಬ್ಬಿಗೆ ಇನ್ನು ಹಣ ಸುರಿಯುವುದಿಲ್ಲ ಎಂದು ನಿರ್ಧರಿಸಿದೆ.

ಹಂತ 5: ಏಪ್ರಿಲ್ 2, ಸಿಕಂದರಾಬಾದಿನಲ್ಲಿ ಟೇಪು ಹಿಡಿದು

ಕಂಪ್ಯೂಟರ್ ಭಾಗಗಳನ್ನು ಕೊಳ್ಳಲು ಕಲಬುರಗಿಯವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗಿಂತ ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರ್ ಹತ್ತಿರ. ವಾಡಿ, ತಾಂಡೂರು ಮಾರ್ಗವಾಗಿ ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದಿತ್ತು. ಆದರೆ ಚಿತ್ರ ನೋಡಿ ಒಮ್ಮೆ ಮೋಸ ಹೋಗಿದ್ದರಿಂದ ಈ ಸಲ ಮುಟ್ಟಿ, ಅಳೆದೇ ಕೊಳ್ಳಬೇಕೆಂದಿದ್ದೆ. ಚೀಲದಲ್ಲಿದ್ದದ್ದು ಒಂದು ಸ್ಟೀಲ್ ಟೇಪು, ಒಂದು ಸಣ್ಣ ಟಾರ್ಚ್ ಮತ್ತು ಈ ಅಂಕಿಗಳನ್ನು ಬರೆದ ಚೀಟಿ: ಕೂಲರ್ ಎತ್ತರ 155, ಕಾರ್ಡ್ ಉದ್ದ 242, ಬೋರ್ಡ್ 244 ಗುಣಿಸು 244, ಎಸ್‌ಎಂಪಿಎಸ್ ಉದ್ದ 140, ಎಲ್ಲವೂ ಮಿ.ಮೀ.ನಲ್ಲಿ.

ಅಂಗಡಿಯವನು ಮೊದಲು ತೋರಿಸಿದ್ದು ನಾನು ಬಿಟ್ಟುಬಂದ ಡಬ್ಬಿಯ ಅಣ್ಣನನ್ನು: ಮುಂದೆಯೂ ಪಕ್ಕದಲ್ಲೂ ಗಾಜು, ಏಳು ಫ್ಯಾನ್. ಗಾಳಿ ಎಲ್ಲಿಂದ ಒಳಗೆ ಬರುತ್ತದೆ ಎಂದು ಕೇಳಿದಾಗ ಆತ ದಖನಿಯಲ್ಲಿ, ಏಳು ಫ್ಯಾನ್ ಇವೆಯಲ್ಲ, ಇನ್ನೇನು ಬೇಕು ಎಂದು ನಕ್ಕ. ಅವನನ್ನು ದೂರುವಂತಿಲ್ಲ, ಎರಡು ತಿಂಗಳ ಹಿಂದೆ ನಾನೂ ಅದನ್ನೇ ಹೇಳುತ್ತಿದ್ದೆ.

ಜಾಲರಿ ಮುಖದ ಮೂರು ಕ್ಯಾಬಿನೆಟ್ಟುಗಳನ್ನು ಕೆಳಗೆ ಇಳಿಸಿಸಿ ನೋಡಿದೆ. ನೋಡಿದ ಬಗೆ ಹೀಗಿತ್ತು. ಮೊದಲಿಗೆ ಮುಂದಿನ ಪ್ಯಾನಲನ್ನು ಕಿತ್ತು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದೆ. ಒಂದರಲ್ಲಿ ಹೊರಗಿನ ಉಕ್ಕಿನ ಜಾಲರಿಯ ಹಿಂದೆ ದಪ್ಪ ಸ್ಪಂಜು, ಅದರ ಹಿಂದೆ ಮತ್ತೊಂದು ನೈಲಾನ್ ಪರದೆ. ಬೆಳಕೇ ಸರಿಯಾಗಿ ದಾಟುತ್ತಿರಲಿಲ್ಲ, ಗಾಳಿಯ ಮಾತು ದೂರ. ಅದನ್ನು ಅಲ್ಲಿಗೇ ಬಿಟ್ಟೆ. ಎರಡನೆಯದರಲ್ಲಿ ಬೆಳಕು ಚೆನ್ನಾಗಿ ಬಂತು, ಆದರೆ ಬೋರ್ಡ್ ಕೂರುವ ತಟ್ಟೆಯಿಂದ ಪಕ್ಕದ ಗಾಜಿನವರೆಗೆ ಟೇಪು ಇಟ್ಟರೆ 163 ಮಿ.ಮೀ. ಮಾತ್ರ ಬಂತು. ಇದರಿಂದ ಬೋರ್ಡನ್ನು ತಟ್ಟೆಯಿಂದ ಮೇಲಕ್ಕೆ ಎತ್ತಿ ಹಿಡಿಯುವ ಗಿಡ್ಡ ಕಂಬವಾದ ಸ್ಟ್ಯಾಂಡ್‌ಆಫ್‌ನ ಎತ್ತರ, ಬೋರ್ಡಿನ ದಪ್ಪ, ಸಾಕೆಟ್ ಮತ್ತು ಪ್ರೊಸೆಸರಿನ ಎತ್ತರ ಎಲ್ಲವನ್ನೂ ಕಳೆದ ಮೇಲೆ ಉಳಿದದ್ದೇ ಕೂಲರಿಗೆ ಸಿಗುವ ಜಾಗ. 155ರ ಕೂಲರ್ ಅದರಲ್ಲಿ ಹಿಡಿಯುವುದಿಲ್ಲ. ತಟ್ಟೆಯಿಂದ ಅಳೆದ ಅಂಕಿಯನ್ನೇ ಕೂಲರಿನ ಜಾಗವೆಂದು ತಿಳಿದು ಮೋಸ ಹೋಗುವವರು ಬಹಳ. ಡಬ್ಬಿಯ ಪೆಟ್ಟಿಗೆಯ ಮೇಲೆ ಕೂಲರ್ ಎತ್ತರವೆಂದು ಬೇರೆಯಾಗಿ ಮುದ್ರಿಸಿರುತ್ತಾರೆ, ಅದನ್ನು ನೋಡಬೇಕು.

ಮೂರನೆಯದರ ಮೇಲೆ ಕೂಲರ್ ಎತ್ತರ 165 ಎಂದಿತ್ತು. ಕಾರ್ಡಿಗೆ 330 ಮಿ.ಮೀ. ಜಾಗ, ಮುಂದೆ ಫ್ಯಾನಿನ 25 ಮಿ.ಮೀ. ದಪ್ಪ ಕಳೆದರೂ 305 ಉಳಿಯುತ್ತದೆ. ಜಾಲರಿಯ ಹಿಂದೆ ಒಂದೇ ಒಂದು ನಯವಾದ ಫಿಲ್ಟರ್, ಅದು ಕೆಳಗಿನಿಂದ ಜಾರಿ ಹೊರಬರುತ್ತದೆ. ಬಲಬದಿಯ ತಗಡನ್ನು ಒಂದು ಮೂಲೆಯಿಂದ ಎತ್ತಿ ಹಿಡಿದಾಗ ಪಾಪಡಿನಂತೆ ಬಾಗಲಿಲ್ಲ. ಬೋರ್ಡಿನ ತಟ್ಟೆಯ ಹಿಂದೆ ತಂತಿಗಳಿಗೆ 22 ಮಿ.ಮೀ. ಜಾಗ ಇತ್ತು. ಒಂದೂ ಫ್ಯಾನ್ ಇರಲಿಲ್ಲ, ಬೆಲೆ 4,700. ನನ್ನ ಜೊತೆ ಬಂದಿದ್ದ ತಮ್ಮ, ಫ್ಯಾನೂ ಇಲ್ಲ ದೀಪವೂ ಇಲ್ಲ, ಖಾಲಿ ಡಬ್ಬಿಗೆ ಇಷ್ಟೊಂದೇ ಎಂದ. ಖಾಲಿ ಡಬ್ಬಿಯೇ ನನಗೆ ಬೇಕಿತ್ತು, ಫ್ಯಾನುಗಳನ್ನು ನಾನೇ ಆರಿಸುವವನಿದ್ದೆ.

ಫ್ಯಾನಿನ ವಿಷಯದಲ್ಲಿ 140 ಮಿ.ಮೀ. ಬೇಕೋ 120 ಸಾಕೋ ಎಂದು ಸ್ವಲ್ಪ ಹೊತ್ತು ತೂಗಿದೆ. ಈ ಡಬ್ಬಿಯ ಮುಂದೆ 120ರ ಮೂರು ಅಥವಾ 140ರ ಎರಡು ಕೂರುತ್ತವೆ. ಸ್ಕ್ರೂ ತೂತುಗಳ ನಡುವಿನ ಅಂತರ 120ಕ್ಕೆ 105 ಮಿ.ಮೀ., 140ಕ್ಕೆ 124.5 ಮಿ.ಮೀ. ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ಸುಮ್ಮನೆ ಹಿಡಿಯುವುದಿಲ್ಲ. ಹಿಂದೆ 120 ಮಾತ್ರ. ಎಲ್ಲವೂ ಒಂದೇ ಅಳತೆಯವಾದರೆ ಒಂದು ಕೆಟ್ಟಾಗ ಇನ್ನೊಂದನ್ನು ಅಲ್ಲಿಗೆ ಹಾಕಬಹುದೆಂದು 120ರ ಐದು ಫ್ಯಾನುಗಳ ಪೊಟ್ಟಣವನ್ನು 3,250 ರೂಪಾಯಿಗೆ ತೆಗೆದುಕೊಂಡೆ. ನೋಡಿಕೊಂಡ ಅಂಶಗಳು ಮೂರೇ: ಬೋರ್ಡು ವೇಗವನ್ನು ಏರಿಳಿಸಬಲ್ಲ ನಾಲ್ಕು ಪಿನ್ನಿನ ಪಿಡಬ್ಲ್ಯುಎಂ ಪ್ಲಗ್ ಇರಬೇಕು, ಫಿಲ್ಟರಿನ ಹಿಂದಿನಿಂದ ಎಳೆಯಬೇಕಾದ್ದರಿಂದ ಒತ್ತಡಕ್ಕೆಂದೇ ಮಾಡಿದ ಅಗಲ ಅಲಗುಗಳಿರಬೇಕು, ಮತ್ತು ಒಂದರ ಬಾಲಕ್ಕೆ ಇನ್ನೊಂದನ್ನು ಸಿಕ್ಕಿಸುವಂತಿರಬೇಕು. ಲೇಬಲ್ ಮೇಲೆ 0.16 ಆಂಪಿಯರ್ ಎಂದಿತ್ತು. ಮೂರು ಸೇರಿದರೆ 0.48. ನನ್ನ ಬೋರ್ಡಿನ ಫ್ಯಾನ್ ಸಿಕ್ಕಿಸುವ ಒಂದು ಹೆಡರ್ 1 ಆಂಪಿಯರ್ ಕೊಡುತ್ತದೆ, ಹಾಗಾಗಿ ಮುಂದಿನ ಮೂರೂ ಒಂದೇ ಹೆಡರಿಗೆ ಸಾಕು.

ದೀಪ ಇಲ್ಲ. ತಮ್ಮನಿಗೆ ಬೇಸರವಾಯಿತು. ಪ್ರಯಾಣ, ಊಟ ಸೇರಿ 640 ರೂಪಾಯಿ. ಮರಳುವಾಗ ಡಬ್ಬಿಯ ಪೆಟ್ಟಿಗೆಯನ್ನು ಬೋಗಿಯಲ್ಲಿ ಎರಡು ಸೀಟುಗಳ ನಡುವೆ ನಿಲ್ಲಿಸಿದ್ದು, ತಾಂಡೂರಿನವರೆಗೆ ಒಬ್ಬ ಅಜ್ಜ ಅದರ ಮೇಲೆಯೇ ಕೈಯೂರಿ ಕುಳಿತಿದ್ದರು.

ಹಂತ 6: ಏಪ್ರಿಲ್ 4, ಎರಡನೆಯ ಜೋಡಣೆ ಮತ್ತು ಅದರ ಎರಡು ತಪ್ಪುಗಳು

ಮೊದಲ ತಪ್ಪು ಸ್ಟ್ಯಾಂಡ್‌ಆಫ್‌ಗಳದ್ದು. ಹೊಸ ಡಬ್ಬಿ ದೊಡ್ಡ ಎಟಿಎಕ್ಸ್ ಬೋರ್ಡಿಗೆಂದು, ಅಂದರೆ 305 ಮಿ.ಮೀ. ಎತ್ತರದ ಬೋರ್ಡಿಗೆಂದು, ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳನ್ನು ಕೂರಿಸಿಕೊಂಡೇ ಬಂದಿತ್ತು. ನನ್ನದು 244ರ ಬೋರ್ಡು. ಮೇಲಿನ ಎರಡು ಸಾಲು ಸರಿಹೊಂದಿತು, ಕೆಳಗಿನ ಸಾಲನ್ನು ಮೇಲಕ್ಕೆ ಬದಲಿಸಬೇಕಿತ್ತು. ಬದಲಿಸಲಿಲ್ಲ. ಎಲ್ಲವನ್ನೂ ಬಿಗಿದು, ಕಾರ್ಡ್ ಹಾಕಿ, ತಂತಿ ಕಟ್ಟಿ, ಕೊನೆಗೆ ಮುಂದಿನ ಯುಎಸ್‌ಬಿಯ ದಪ್ಪ ಪ್ಲಗ್ಗನ್ನು ಒತ್ತುವಾಗ ಬೋರ್ಡಿನ ಕೆಳ ಅಂಚು ಬೆರಳಿನಡಿ ಬಾಗಿದ್ದು ಕಂಡು ಎದೆ ಧಸಕ್ಕೆಂದಿತು. ಅಂಚಿನ ಕೆಳಗೆ ಆಧಾರವೇ ಇರಲಿಲ್ಲ. ಎಲ್ಲವನ್ನೂ ಮತ್ತೆ ಬಿಚ್ಚಿ, ಪಾನಾದಿಂದ ಮೂರು ಸ್ಟ್ಯಾಂಡ್‌ಆಫ್ ಬದಲಿಸಿ, ಮತ್ತೆ ಕೂರಿಸಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಬೋರ್ಡಿಗೆ ಏನೂ ಆಗದಿದ್ದುದು ನನ್ನ ಪುಣ್ಯ.

ಎರಡನೆಯ ತಪ್ಪನ್ನು ಕಂಡುಹಿಡಿಯಲು ಒಂದು ರಾತ್ರಿ ಬೇಕಾಯಿತು. ಮುಂದೆ ಮೂರು ಫ್ಯಾನ್ ಗಾಳಿ ಎಳೆಯಲು, ಹಿಂದೆ ಒಂದು ಹೊರಹಾಕಲು. ಕೋಣೆ 37 ಡಿಗ್ರಿ. ಜಾಲರಿ ಡಬ್ಬಿ, ಹೊಸ ಫ್ಯಾನುಗಳು, ಆದರೂ ಪ್ರೊಸೆಸರ್ 83! ಹಳೆಯ ಡಬ್ಬಿಯನ್ನು ಗಾಜಿಲ್ಲದೆ ಓಡಿಸಿದಾಗ ಬಂದದ್ದಕ್ಕಿಂತಲೂ ಹೆಚ್ಚು. ಆ ರಾತ್ರಿ ಎಂಟು ಸಾವಿರ ನೀರಿಗೆ ಹೋಯಿತೆಂದೇ ಮಲಗಿದೆ. ಬೆಳಿಗ್ಗೆ ಮತ್ತೆ ಊದಿನಕಡ್ಡಿ ಹಿಡಿದರೆ ಹಿಂಬದಿಯಲ್ಲೂ ಹೊಗೆ ಸರ್ರನೆ ಒಳಗೆ ಹೋಗುತ್ತಿದೆ. ಹಿಂದಿನ ಫ್ಯಾನನ್ನು ತಿರುಗಾಮುರುಗಾ ಕೂರಿಸಿದ್ದೆ. ಅಲಗುಗಳ ತೆರೆದ ಮುಖ ಹೊರಗೆ ಕಂಡರೆ ಚೆಂದವೆಂದು ಕೈ ತಾನಾಗಿ ಹಾಗೆ ಮಾಡಿತ್ತು. ಗಾಳಿ ತೆರೆದ ಮುಖದಿಂದ ಒಳಬಂದು, ಅಡ್ಡಪಟ್ಟಿಗಳೂ ಲೇಬಲ್ಲೂ ಇರುವ ಬೆನ್ನಿನ ಕಡೆಯಿಂದ ಹೊರಹೋಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಮುಂದಿನಿಂದ ಬಂದ ಗಾಳಿಯೂ ಹಿಂದಿನಿಂದ ಬಂದ ಗಾಳಿಯೂ ಟವರ್ ಕೂಲರಿನ ಬಳಿ ಎದುರುಬದುರಾಗಿ ಗುದ್ದಾಡುತ್ತಿದ್ದವು.

ಬಿಚ್ಚುವಾಗ ಇನ್ನೊಂದು ಸಣ್ಣ ಅನಾಹುತ. ಫ್ಯಾನಿನ ಸ್ಕ್ರೂಗಳು ಪ್ಲಾಸ್ಟಿಕ್ಕಿನಲ್ಲಿ ತಾವೇ ದಾರಿ ಕೊರೆದುಕೊಂಡು ಹೋಗುವಂಥವು. ಎರಡನೆಯ ಸಲ ಅದೇ ತೂತಿಗೆ ಜೋರಾಗಿ ತಿರುಗಿಸಿದಾಗ ಒಂದು ಮೂಲೆಯ ಪ್ಲಾಸ್ಟಿಕ್ ಸವೆದು ಸ್ಕ್ರೂ ಸುಮ್ಮನೆ ಸುತ್ತತೊಡಗಿತು. ಆ ಫ್ಯಾನ್ ಇಂದಿಗೂ ಮೂರೇ ಸ್ಕ್ರೂಗಳ ಮೇಲಿದೆ.

ಫ್ಯಾನ್ ತಿರುಗಿಸಿ ಕೂರಿಸಿದ ಮೇಲೆ ಅದೇ 37 ಡಿಗ್ರಿ ಕೋಣೆಯಲ್ಲಿ ಪ್ರೊಸೆಸರ್ 76, ಕಾರ್ಡ್ 71. ಎಕ್ಸ್‌ಪೋರ್ಟ್ 42 ನಿಮಿಷ.

ಹಂತ 7: ಏಪ್ರಿಲ್ 6, ಐದನೆಯ ಫ್ಯಾನ್

ಪೊಟ್ಟಣದಲ್ಲಿ ಒಂದು ಉಳಿದಿತ್ತು. ನೆತ್ತಿಯ ಮುಂದಿನ ಭಾಗದಲ್ಲಿ ಹೊರಹಾಕುವಂತೆ ಇಟ್ಟಾಗ ಪ್ರೊಸೆಸರ್ 76ರಿಂದ 78ಕ್ಕೆ ಏರಿತು. ಮುಂದಿನಿಂದ ಬಂದ ತಂಪು ಗಾಳಿ ಕೂಲರನ್ನು ಮುಟ್ಟುವ ಮೊದಲೇ ಆ ಫ್ಯಾನ್ ಅದನ್ನು ಮೇಲಕ್ಕೆ ಕದ್ದೊಯ್ಯುತ್ತಿತ್ತು. ನೆತ್ತಿಯ ಹಿಂಭಾಗಕ್ಕೆ ಸರಿಸಿದಾಗ 75. ಒಂದು ಡಿಗ್ರಿಗಾಗಿ ಇನ್ನೊಂದು ಫ್ಯಾನಿನ ಸದ್ದನ್ನೂ, ಮೇಲೆ ಇನ್ನೊಂದು ಧೂಳಿನ ಕಿಂಡಿಯನ್ನೂ ಇಟ್ಟುಕೊಳ್ಳುವುದು ಬೇಡವೆಂದು ಅದನ್ನು ಬಿಚ್ಚಿ ಕಪಾಟಿಗೆ ಹಾಕಿದೆ. ನೆತ್ತಿಯ ಜಾಲರಿಯ ಮುಂದಿನ ಮುಕ್ಕಾಲು ಭಾಗವನ್ನು ದಪ್ಪ ರಟ್ಟಿನಿಂದ ಒಳಗಿನಿಂದ ಮುಚ್ಚಿದೆ. ಮೂರು ಒಳಗೆ ಎಳೆಯುವವು, ಒಂದು ಹೊರಹಾಕುವುದು. ಒಳಗೆ ಒತ್ತಡ ಸ್ವಲ್ಪ ಹೆಚ್ಚಾಗಿಯೇ ಇರುವುದರಿಂದ ಈಗ ಸಂದಿಗಳಲ್ಲಿ ಹಿಡಿದ ಹೊಗೆ ಹೊರಕ್ಕೆ ತಳ್ಳಲ್ಪಡುತ್ತದೆ. ಧೂಳು ಬರುವುದಿದ್ದರೆ ಫಿಲ್ಟರ್ ಇರುವ ಮುಂದಿನ ದಾರಿಯಿಂದಲೇ ಬರಬೇಕು.

ಹಂತ 8: ಏಪ್ರಿಲ್ 8, ವೇಗದ ಗೆರೆ

ಬಯಾಸ್‌ನಲ್ಲಿ, ಅಂದರೆ ಬೋರ್ಡಿನ ಮೂಲ ಸೆಟ್ಟಿಂಗುಗಳಲ್ಲಿ, ಮುಂದಿನ ಮೂರು ಫ್ಯಾನುಗಳಿಗೆ ವೇಗ ನಿಗದಿ ಮಾಡಿದೆ. ಮೊದಲಿಗೆ ಪ್ರೊಸೆಸರಿನ ತಾಪಮಾನಕ್ಕೆ ಕಟ್ಟಿದ್ದರಿಂದ, ಒಂದು ಫೈಲ್ ತೆರೆದರೂ ತಾಪಮಾನ ಕ್ಷಣದಲ್ಲಿ ಏರಿ, ಫ್ಯಾನುಗಳು ಬುಸ್ ಎಂದು ಏರಿ ಇಳಿಯುತ್ತಿದ್ದವು. ಏರುವ ಮುನ್ನ ಕಾಯುವ ಸಮಯವನ್ನು ಬಯಾಸ್ ಅನುಮತಿಸಿದಷ್ಟೂ ಹೆಚ್ಚಿಸಿದೆ, ಆ ಉಸಿರಾಟ ನಿಂತಿತು. ಈ ಫ್ಯಾನುಗಳಿಗೆ ಒಂದು ದೋಷವಿದೆ: ನಿಮಿಷಕ್ಕೆ 900ರಿಂದ 1,000 ಸುತ್ತಿನ ನಡುವೆ ಜೇನುಗೂಡಿನಂಥ ಗುಂಯ್ ಸದ್ದು ಬರುತ್ತದೆ, ಅದಕ್ಕಿಂತ ಕೆಳಗೂ ಮೇಲೂ ಇಲ್ಲ. ಆದ್ದರಿಂದ 60 ಡಿಗ್ರಿಯವರೆಗೆ 800, ಅಲ್ಲಿಂದ ಮುಂದೆ ನೇರವಾಗಿ 1,100, 80ಕ್ಕೆ 1,500 ಎಂದು ಮೆಟ್ಟಿಲು ಹಾಕಿದೆ. ಮೊಬೈಲಿನ ಸದ್ದಳೆಯುವ ಆ್ಯಪನ್ನು ಪೂರ್ತಿ ನಂಬುವಂತಿಲ್ಲ, ಹೋಲಿಕೆಗೆ ಮಾತ್ರ: ಕುರ್ಚಿಯಲ್ಲಿ ಕುಳಿತಲ್ಲಿಂದ ಹಳೆಯ ಡಬ್ಬಿ 47 ಡೆಸಿಬೆಲ್, ಹೊಸದು ರೆಂಡರ್ ಮಾಡುವಾಗ 39.

ಹಂತ 9: ಏಪ್ರಿಲ್ 14ರಿಂದ ಮೇ 18, ಧೂಳಿನ ಪಾಳಿ

ಹತ್ತನೆಯ ದಿನಕ್ಕೆ ಮುಂದಿನ ಫಿಲ್ಟರ್ ಸಾರಿಸಿದ ಗೋಡೆಯಂತೆ ಒಂದೇ ಬಣ್ಣಕ್ಕೆ ಬಂದಿತ್ತು, ತಾಪಮಾನ ಮೂರು ಡಿಗ್ರಿ ಏರಿತ್ತು. ಅಂದಿನಿಂದ ವಾರಕ್ಕೊಮ್ಮೆ ತೆಗೆದು ಅಂಗಳದಲ್ಲಿ ಕೊಡವುತ್ತೇನೆ, ತಿಂಗಳಿಗೊಮ್ಮೆ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಹಾಕುತ್ತೇನೆ. ಇಲ್ಲಿಯ ಬಿಸಿಲಿಗೆ ಇಪ್ಪತ್ತು ನಿಮಿಷ ಸಾಕು. ಒಳಗೆ ಬ್ಲೋವರ್ ಹಿಡಿಯುವಾಗ ಫ್ಯಾನಿನ ಅಲಗನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ಹಳೆಯ ಡಬ್ಬಿಯ ಒಂದು ಫ್ಯಾನನ್ನು ಹಾಗೇ ಗರಗರನೆ ತಿರುಗಲು ಬಿಟ್ಟೆ, ಆಮೇಲೆ ಅದರ ಬೇರಿಂಗ್ ಕಟಕಟ ಎನ್ನತೊಡಗಿತು.

ಫಿಲ್ಟರ್ ಕೆಳಗಿನಿಂದ ಜಾರಿ ಬರುತ್ತದೆ ಎಂಬುದನ್ನು ಅಂಗಡಿಯಲ್ಲಿ ಗುಣವೆಂದು ಬರೆದುಕೊಂಡಿದ್ದೆ. ಡಬ್ಬಿ ನೆಲದ ಮೇಲಿದ್ದರೆ ಪ್ರತಿ ಸಲವೂ ಅದನ್ನು ಹಿಂದಕ್ಕೆ ವಾಲಿಸಿಯೇ ಎಳೆಯಬೇಕೆಂಬುದು ಆಗ ಹೊಳೆದಿರಲಿಲ್ಲ. ರೆಂಡರ್ ನಡೆಯುವಾಗ ವಾಲಿಸುವಂತಿಲ್ಲ. ಅದಲ್ಲದೆ ಎಸ್‌ಎಂಪಿಎಸ್ ಕೂಡ ಕೆಳಗಿನಿಂದಲೇ ಗಾಳಿ ಎಳೆಯುತ್ತದೆ, ಕಾಲುಗಳ ಎತ್ತರ ಎರಡು ಸೆಂಟಿಮೀಟರ್ ಮಾತ್ರ. ಮನೆಯ ಹಿತ್ತಲಿನಲ್ಲಿ ನೆಲಹಾಸಿಗೆಂದು ತಂದು ಉಳಿದಿದ್ದ ಶಹಾಬಾದ್ ಫರಸಿಯ ತುಂಡುಗಳಿದ್ದವು. ಅವುಗಳಲ್ಲಿ ನಾಲ್ಕು ನಾಲ್ಕನ್ನು ಒಂದರ ಮೇಲೊಂದು ಪೇರಿಸಿ, ನಡುನಡುವೆ ಹಳೆಯ ಸೈಕಲ್ ಟ್ಯೂಬಿನ ಚೂರು ಇಟ್ಟು, ಎಡಬಲಕ್ಕೆ ಎರಡು ಸಣ್ಣ ಕಟ್ಟೆಗಳನ್ನು ಮಾಡಿದೆ. ಎತ್ತರ 11 ಸೆಂಟಿಮೀಟರ್. ಈಗ ಡಬ್ಬಿಯನ್ನು ಅಲುಗಿಸದೆ ಕೈ ಒಳಗೆ ಹಾಕಿ ಫಿಲ್ಟರ್ ಎಳೆಯಬಹುದು, ಹಿಂದಿನಿಂದ ಎಸ್‌ಎಂಪಿಎಸ್‌ನ ಫಿಲ್ಟರೂ ಬರುತ್ತದೆ. ಖರ್ಚು ಸೊನ್ನೆ. ಈ ಇಡೀ ಕೆಲಸದಲ್ಲಿ ಮೊದಲ ಯತ್ನಕ್ಕೇ ಸರಿಹೋದದ್ದು ಇದೊಂದೇ.

ಏಪ್ರಿಲ್ 24ರಂದು ಕೋಣೆ 40 ಡಿಗ್ರಿ ಇತ್ತು. ಎರಡು ಮದುವೆ, ಒಂದು ಸೀಮಂತ, ಒಂದರ ಹಿಂದೊಂದು ಮೂರು ಗಂಟೆ ರೆಂಡರ್. ಪ್ರೊಸೆಸರ್ 80, ಕಾರ್ಡ್ 75, ವೇಗ ಎಲ್ಲಿಯೂ ಇಳಿಯಲಿಲ್ಲ.

ಹಣದ ಲೆಕ್ಕ: ಮೊದಲ ಡಬ್ಬಿ 3,600, ಬೇಡವಾಗಿದ್ದ ಎರಡು ಫ್ಯಾನ್ 1,100, ಬುಷ್ 60, ಎರಡನೆಯ ಡಬ್ಬಿ 4,700, ಐದು ಫ್ಯಾನ್ 3,250, ಪ್ರಯಾಣ 640. ಒಟ್ಟು 13,350. ಹಳೆಯ ಡಬ್ಬಿಯನ್ನು ಫ್ಯಾನುಗಳ ಸಮೇತ, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್ ಇರುವ ಪಕ್ಕದ ಓಣಿಯ ವಿದ್ಯಾರ್ಥಿಯೊಬ್ಬನಿಗೆ 1,800ಕ್ಕೆ ಕೊಟ್ಟೆ. ಕಟಕಟ ಎನ್ನುವ ಫ್ಯಾನ್ ಯಾವುದೆಂದು ತೋರಿಸಿ, ಬೇಸಿಗೆಯಲ್ಲಿ ಮುಂದಿನ ಗಾಜು ತೆಗೆದಿಡು ಎಂದೂ ಹೇಳಿ ಕೊಟ್ಟೆ. ಕೊನೆಗೆ ಕೈಯಿಂದ ಹೋದದ್ದು 11,550. ಮೊದಲೇ ಟೇಪು ಹಿಡಿದು ಹೋಗಿದ್ದರೆ 8,590ಕ್ಕೆ ಮುಗಿಯುತ್ತಿತ್ತು.

ಬಾಕಿ ಉಳಿದ ಕೆಲಸ ಎರಡು. ನೆತ್ತಿಗೆ ಮುಚ್ಚಿದ ರಟ್ಟು ಮಳೆಗಾಲದ ತೇವಕ್ಕೆ ಬಾಗುವ ಮೊದಲು ಅಕ್ರಿಲಿಕ್ ಹಾಳೆ ಕತ್ತರಿಸಿ ಹಾಕಬೇಕು. ಸವೆದ ಸ್ಕ್ರೂ ತೂತಿರುವ ಫ್ಯಾನನ್ನು ಕಪಾಟಿನಲ್ಲಿರುವ ಐದನೆಯದಕ್ಕೆ ಬದಲಿಸಬೇಕು, ಈ ಸಲ ಬೆನ್ನು ಯಾವ ಕಡೆಗಿದೆ ಎಂದು ನೋಡಿಕೊಂಡು.